ತಂತ್ರಾಂಶಗಳ ಆವೃತ್ತಿಸಂಖ್ಯೆಗಳು: ಅವುಗಳ ರೂಪ ಮತ್ತು ತಾರತಮ್ಯ

ಶಿವಮೊಗ್ಗ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸರ ಸಂಪಾದಕತ್ವದಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಾಗಿ 1902, 1904ನೆಯ ಇಸವಿಗಳಲ್ಲಿ ಪ್ರಕಟವಾದುವು. ತಾಳಗುಂದದ ಕದಂಬ ಸ್ತಂಭಶಾಸನವು ಅಂದಿನಿಂದ ವಿದ್ವಾಂಸರ ಬರಹಗಳಲ್ಲಿ ‘ಎ. ಕ. 7, ಶಿಕಾರಿಪುರ 176’ ಎಂಬ ಗುರುತಿನಿಂದ ಉಲ್ಲೇಖಗೊಳ್ಳುತ್ತ ಬಂದಿದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಇದೇ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಬೇರೊಂದು ಕ್ರಮದಲ್ಲಿ ಹೊರತರಲು ಆರಂಭಿಸಿತು. ಈ ಹೊಸ ಕ್ರಮದ ಏಳನೆಯ ಸಂಪುಟವು ಮಂಡ್ಯ ಜಿಲ್ಲೆಯ ತಾಲ್ಲೂಕುಗಳಿಗೆ ಸಂಬಂಧಿಸಿದ್ದು. ಆದುದರಿಂದ ‘ಎ. ಕ. 7’ ಎಂದಷ್ಟೇ ಬರೆದರೆ ಶಿವಮೊಗ್ಗವೋ ಮಂಡ್ಯವೋ ಎಂಬ ಸಂಶಯವುಂಟಾಗುತ್ತದೆ. ಶ್ರವಣಬೆಳಗೊಳದ ಸಂಪುಟದ ಸ್ಥಿತಿ ಇನ್ನೂ ತೊಡಕಿನದು. ಅದರ 1889ರ ಮುದ್ರಣದಲ್ಲಿ 144 ಶಾಸನಗಳೂ, ಆರ್. ನರಸಿಂಹಾಚಾರ್ಯರ 1923ರ ಮುದ್ರಣದಲ್ಲಿ 500 ಶಾಸನಗಳೂ, 1973ರ ಪರಿಷ್ಕರಣದಲ್ಲಿ 573 ಶಾಸನಗಳೂ ಇವೆ. ಯಾವ ಮುದ್ರಣವೆಂಬುದನ್ನು ಹೇಳದೆ ಶಾಸನದ ಸಂಖ್ಯೆಯೊಂದನ್ನೇ ಕೊಟ್ಟರೆ ಓದುವವನು ಬೇರೆ ಶಾಸನವನ್ನು ತೆರೆದು ಕುಳಿತಾನು.

ಗಣಕಯಂತ್ರದ ತಂತ್ರಾಂಶಗಳಲ್ಲಿಯೂ ಇದೇ ಬಗೆಯ ತೊಡಕಿದೆ. ಗ್ರಂಥವಿಷಯದಲ್ಲಿ ಓದುಗನ ವಿವೇಕವು ತಪ್ಪನ್ನು ತಿದ್ದಿಕೊಳ್ಳಬಲ್ಲದು. ಯಂತ್ರಕ್ಕೆ ಆ ವಿವೇಕವಿಲ್ಲ. ಬರೆದ ಸಂಖ್ಯೆಯನ್ನು ಅದು ತನಗೆ ವಿಧಿಸಿದ ನಿಯಮದಂತೆ ಓದಿ, ಒಂದನ್ನು ಹಳೆಯದೆಂದೂ ಮತ್ತೊಂದನ್ನು ಹೊಸದೆಂದೂ ನಿರ್ಣಯಿಸಿಬಿಡುತ್ತದೆ. ಈಗ ಕನ್ನಡದ ಪಾಠಗಳೂ ನಿಘಂಟುಗಳೂ ಶಾಸನಗಳೂ ಗಣಕದಲ್ಲಿಯೇ ಸಿದ್ಧವಾಗುತ್ತಿರುವುದರಿಂದ, ಈ ನಿರ್ಣಯವು ಹೇಗೆ ನಡೆಯುತ್ತದೆಂಬುದನ್ನು ಸಾಹಿತ್ಯದ ಅಧ್ಯಾಪಕರೂ ಅರಿತಿರುವುದು ಉಚಿತವಾಗಿದೆ.

ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಕಡತಗಳೊಡನೆ ಕಟ್ಟಿ, ಹೆಸರನ್ನೂ ಆವೃತ್ತಿಸಂಖ್ಯೆಯನ್ನೂ ಕೊಟ್ಟು ಹಂಚುವ ಗಂಟಿಗೆ ಪ್ಯಾಕೇಜು ಎಂದು ಹೆಸರು. ಒಂದು ಪ್ಯಾಕೇಜು ತಾನೊಂದೇ ಕೆಲಸಮಾಡಲಾರದೆ ಮತ್ತೊಂದರ ನೆರವನ್ನು ಬೇಡುವುದು ಅವಲಂಬನೆ. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು ಎಂಬ ವ್ಯವಸ್ಥೆಗಳಲ್ಲಿ ಕನ್ನಡ ಅಕ್ಷರಗಳಿಗಾಗಿಯೇ ಒಂದು ಪ್ಯಾಕೇಜಿದೆ. ಅದರ ಹೆಸರು ‘ಫಾಂಟ್ಸ್-ಕೆಎನ್‌ಡಿಎ’. ಈ ನಾಲ್ಕಕ್ಷರದ ಗುರುತು ಕನ್ನಡ ಲಿಪಿಗೆ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ ಸಂಕೇತ. ವಿಚಿತ್ರವೆಂದರೆ ಈ ಪ್ಯಾಕೇಜಿನೊಳಗೆ ಒಂದು ಅಕ್ಷರವೂ ಇಲ್ಲ. ಅದು ಗುಬ್ಬಿ, ನವಿಲು, ಲೋಹಿತ್ ಕನ್ನಡ ಎಂಬ ಬೇರೆ ಮೂರು ಫಾಂಟುಗಳನ್ನು ಅವಲಂಬಿಸಿರುವುದಾಗಿ ಘೋಷಿಸುತ್ತದೆ, ಅಷ್ಟೆ. ಉಬುಂಟು 20.04ರಲ್ಲಿ ಇವುಗಳ ಸಂಖ್ಯೆಗಳು ಹೀಗಿವೆ: ಆಧಾರಪ್ಯಾಕೇಜು 2:1.3, ಗುಬ್ಬಿ 1.3-3, ನವಿಲು 1.2-2, ಲೋಹಿತ್ 2.5.4-2. ಈ ನಾಲ್ಕು ಸಂಖ್ಯೆಗಳನ್ನು ಸರಿಯಾಗಿ ಓದಲು ಬಂದರೆ ಪ್ರಕೃತ ವಿಷಯದ ಬಹುಭಾಗವನ್ನು ತಿಳಿದಂತಾಗುತ್ತದೆ.

ನಡುವೆ ಬರುವ ಚುಕ್ಕೆಯೇ ಮೊದಲನೆಯ ಎಡವುಗಲ್ಲು. 1.10 ಎಂಬುದನ್ನು ನೋಡಿದ ಕೂಡಲೇ ದಶಮಾಂಶ ಕಲಿತವರ ಮನಸ್ಸು ಅದನ್ನು 1.1ಕ್ಕೆ ಸಮವೆಂದೂ 1.9ಕ್ಕಿಂತ ಕಿರಿದೆಂದೂ ಭಾವಿಸುತ್ತದೆ. ಆವೃತ್ತಿಸಂಖ್ಯೆಯಲ್ಲಿ ಹಾಗಲ್ಲ. ಅಲ್ಲಿ ಚುಕ್ಕೆಯು ಎರಡು ಪೂರ್ಣಸಂಖ್ಯೆಗಳ ನಡುವಣ ಗೆರೆ ಮಾತ್ರ. ಕಾವ್ಯವನ್ನು ಉಲ್ಲೇಖಿಸುವ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪಂಪಭಾರತದ ಹದಿನಾಲ್ಕು ಆಶ್ವಾಸಗಳಲ್ಲಿ ಮೊದಲನೆಯದರ ಹತ್ತನೆಯ ಪದ್ಯವನ್ನು 1-10 ಎಂದು ಬರೆದಾಗ, ಅದು 1-9ರ ಮುಂದಿನ ಪದ್ಯವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಹತ್ತನೆಯ ಆಶ್ವಾಸವು ಒಂಬತ್ತನೆಯದರ ಬಳಿಕ ಬರುತ್ತದೆಂಬುದರಲ್ಲಿಯೂ ಇಲ್ಲ. ಆವೃತ್ತಿಸಂಖ್ಯೆಯನ್ನೂ ಹೀಗೆ ಆಶ್ವಾಸ-ಪದ್ಯಗಳ ಕ್ರಮದಲ್ಲಿ ಎಡದಿಂದ ಬಲಕ್ಕೆ ಭಾಗಭಾಗವಾಗಿ ಹೋಲಿಸಬೇಕು. ಇದು ಕೇವಲ ಕಲ್ಪಿತವಾದ ಆತಂಕವಲ್ಲ. 2021ರ ಅಕ್ಟೋಬರಿನಲ್ಲಿ ಪೈಥಾನ್ ಎಂಬ ಗಣಕಭಾಷೆಯ 3.10ನೆಯ ಆವೃತ್ತಿ ಹೊರಬಂದಾಗ, ಉದ್ಧರಣಚಿಹ್ನೆಯಿಲ್ಲದೆ ಬರೆದ ಈ ಸಂಖ್ಯೆಯನ್ನು ದಶಮಾಂಶವೆಂದು ಓದಿದ ಯಂತ್ರಗಳು ಬಹಳ ಹಿಂದಿನ 3.1ನೆಯ ಆವೃತ್ತಿಯನ್ನು ಹುಡುಕತೊಡಗಿದುವು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು, ಸಂಖ್ಯೆಯನ್ನು ಅಕಾರಾದಿಯಂತೆ ಒಂದೊಂದೇ ಅಕ್ಷರವಾಗಿ ಹೋಲಿಸುವುದು. ಕನ್ನಡಕ್ಕೆ ಇದರಿಂದ ಒದಗುವ ಹಾನಿಯನ್ನು ಯೂನಿಕೋಡಿನ ಉದಾಹರಣೆಯಿಂದ ತಿಳಿಯಬಹುದು. ಲೋಕದ ಲಿಪಿಗಳಿಗೆಲ್ಲ ಸಂಕೇತಸ್ಥಾನಗಳನ್ನು ಗೊತ್ತುಮಾಡುವ ಈ ಶಿಷ್ಟತೆಯಲ್ಲಿ ಕನ್ನಡದ ಲಿಪಿ ಒಂದೇ ಸಲಕ್ಕೆ ಪೂರ್ಣವಾಗಿ ಸೇರಲಿಲ್ಲ. ಅವಗ್ರಹ ಮತ್ತು ನುಕ್ತೆಗಳು 2003ರ 4.0ರಲ್ಲಿಯೂ, ಜಿಹ್ವಾಮೂಲೀಯ ಉಪಧ್ಮಾನೀಯಗಳು 2006ರ 5.0ರಲ್ಲಿಯೂ, ಚಂದ್ರಬಿಂದುವು 2014ರ 7.0ರಲ್ಲಿಯೂ, ಅದರ ಬಿಡಿರೂಪವು 2016ರ 9.0ರಲ್ಲಿಯೂ, ಶಾಸನಗಳ ತಲೆಯಲ್ಲಿ ಕಾಣುವ ಸಿದ್ಧಂ ಚಿಹ್ನೆಯು 2018ರ 11.0ರಲ್ಲಿಯೂ, ಹಳಗನ್ನಡದ ಬರಹದ ನಕಾರಪೊಲ್ಲು 2021ರ 14.0ರಲ್ಲಿಯೂ ಸ್ಥಾನವನ್ನು ಪಡೆದುವು. ಹೀಗಿರಲು, ಶಿವಮೊಗ್ಗದ ಸಂಶೋಧಕನೊಬ್ಬನು ಶಾಸನಪಾಠವೊಂದನ್ನು ಸಿದ್ಧಂ ಚಿಹ್ನೆಯೊಡನೆ ಸಿದ್ಧಪಡಿಸಿ ಭದ್ರಾವತಿಯ ಮುದ್ರಣಾಲಯಕ್ಕೆ ಕಳುಹಿಸಿದನೆಂದೂ, ಆ ಪಾಠಕ್ಕೆ ಯೂನಿಕೋಡ್ 11.0 ಅಥವಾ ಅದರ ಮುಂದಿನದು ಬೇಕೆಂದು ತಂತ್ರಾಂಶದಲ್ಲಿ ಗುರುತಿದೆಯೆಂದೂ ಇಟ್ಟುಕೊಳ್ಳಬಹುದು. ಮುದ್ರಣಾಲಯದ ಯಂತ್ರದಲ್ಲಿರುವುದು 9.0. ಅಕ್ಷರಗಳಾಗಿ ಹೋಲಿಸಿದರೆ ‘9’ ಎಂಬುದು ‘1’ಕ್ಕಿಂತ ಮುಂದಿನದು; ಆದುದರಿಂದ 9.0 ಎಂಬುದು 11.0ಕ್ಕಿಂತ ಹೊಸದೆಂಬ ನಿರ್ಣಯವಾಗಿ, ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದೆ ಮುಂದುವರಿಯುತ್ತದೆ. ಸಿದ್ಧಂ ಇರಬೇಕಾದೆಡೆಯಲ್ಲಿ ಒಂದು ಬರಿಯ ಚೌಕವು ಅಚ್ಚಾಗುತ್ತದೆ. ಮುಂದೆ ಆ ಮುದ್ರಿತ ಪಾಠವನ್ನು ನೋಡುವವನು ಕಲ್ಲಿನಲ್ಲಿಯೇ ಅಕ್ಷರ ಒಡೆದಿರಬೇಕೆಂದು ಭಾವಿಸಿದರೆ ಅವನನ್ನು ದೂಷಿಸುವಂತಿಲ್ಲ.

ಡೆಬಿಯನ್ನಿನ ನಿಯಮವು ಈ ಎರಡು ತಪ್ಪುಗಳಿಗೂ ಎಡೆಗೊಡುವುದಿಲ್ಲ. ಅದು ಸಂಖ್ಯಾಸೂತ್ರವನ್ನು ಅಂಕಿಗಳಲ್ಲದ ಭಾಗ, ಅಂಕಿಗಳ ಭಾಗ ಎಂದು ಒಂದರ ಬಳಿಕ ಒಂದಾಗಿ ಒಡೆಯುತ್ತದೆ. ಅಂಕಿಯಲ್ಲದವನ್ನು ಅಕ್ಷರಗಳಾಗಿಯೂ ಅಂಕಿಗಳನ್ನು ಪೂರ್ಣಸಂಖ್ಯೆಗಳಾಗಿಯೂ ಹೋಲಿಸುತ್ತದೆ. ಈ ಕ್ರಮದಲ್ಲಿ 1.03 ಮತ್ತು 1.3 ಸಮಾನವೇ ಆಗುತ್ತವೆ.

ಆದರೆ ಫಾಂಟಿನ ಕಡತದೊಳಗೆ ಹೊಕ್ಕರೆ ಬೇರೆಯೇ ನ್ಯಾಯವಿದೆ. ಓಪನ್‌ಟೈಪ್ ಫಾಂಟಿನ ಮುಖ್ಯಪಟ್ಟಿಯಲ್ಲಿ ಆವೃತ್ತಿಯನ್ನು ಒಂದು ಭಿನ್ನರಾಶಿಯಾಗಿ ದಾಖಲಿಸುವುದು ನಿಯಮ. ಅಲ್ಲಿ 1.1 ಮತ್ತು 1.10 ಒಂದೇ ಬೆಲೆಯುಳ್ಳವು, 1.9 ಇವೆರಡಕ್ಕಿಂತಲೂ ದೊಡ್ಡದು. ಒಂದೇ ಫಾಂಟಿಗೆ ಪ್ಯಾಕೇಜಿನ ಹೊರಗಣ ಚೀಟಿಯಲ್ಲಿ ಒಂದು ಗಣಿತ, ಒಳಗಣ ಪಟ್ಟಿಯಲ್ಲಿ ಮತ್ತೊಂದು ಗಣಿತ! ಇಂಥ ಗೊಂದಲದಿಂದ ತಪ್ಪಿಸಿಕೊಂಡಿರುವುದು ಡೊನಾಲ್ಡ್ ಕ್ನೂತರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವೊಂದೇ ಎನ್ನಬಹುದೇನೋ. ಅದರ ಸಂಖ್ಯೆಯು ಪ್ರತಿಯೊಂದು ತಿದ್ದುಪಡಿಗೂ ವೃತ್ತದ ಪರಿಧಿ-ವ್ಯಾಸಗಳ ಪ್ರಮಾಣದ ಒಂದೊಂದು ಅಂಕಿಯನ್ನು ಹೆಚ್ಚಿಸಿಕೊಳ್ಳುತ್ತ, 2021ರಲ್ಲಿ 3.141592653 ಆಯಿತು. ದಶಮಾಂಶವೆಂದು ಓದಿದರೂ ಭಾಗಗಳೆಂದು ಓದಿದರೂ ಇದು ಹಿಂದಿನದಕ್ಕಿಂತ ಹಿರಿದೇ.

ಇನ್ನು ಅಡ್ಡಗೆರೆಯ ವಿಚಾರ. ಗುಬ್ಬಿ 1.3-3 ಎಂಬಲ್ಲಿ ಅಡ್ಡಗೆರೆಯ ಹಿಂದಿರುವ 1.3 ಫಾಂಟನ್ನು ರಚಿಸಿದವರು ಕೊಟ್ಟ ಸಂಖ್ಯೆ. ಮುಂದಿರುವ 3 ಡೆಬಿಯನ್ನಿನವರು ಅದೇ ಫಾಂಟನ್ನು ಮೂರನೆಯ ಸಲ ಕಟ್ಟಿದರೆಂಬುದರ ಸೂಚನೆ. ಕವಿಯ ಕೃತಿಗೂ ಪ್ರಕಾಶಕರ ಮರುಮುದ್ರಣಕ್ಕೂ ಇರುವ ಭೇದವೇ ಇಲ್ಲಿಯೂ ಇದೆ. ಆದುದರಿಂದ ಈ ಪದ್ಧತಿಯಲ್ಲಿ 1.3-3 ಎಂಬುದು 1.3-2ಕ್ಕಿಂತಲೂ ಬರಿಯ 1.3ಕ್ಕಿಂತಲೂ ಈಚಿನದು. ಟಾಮ್ ಪ್ರೆಸ್ಟನ್-ವರ್ನರ್ ಎಂಬವರು ರಚಿಸಿ, 2013ರಲ್ಲಿ 2.0.0ನೆಯ ರೂಪವನ್ನು ತಾಳಿದ ‘ಅರ್ಥಾನುಸಾರಿ ಆವೃತ್ತಿಕ್ರಮ’ದಲ್ಲಿ ಅಡ್ಡಗೆರೆಗೆ ಅರ್ಥವೇ ತಲೆಕೆಳಗು. ಅಲ್ಲಿ 1.3.0-3 ಎಂದರೆ 1.3.0 ಹೊರಬರುವುದಕ್ಕೆ ಮುಂಚಿನ ಪರೀಕ್ಷಾರೂಪ, ಎಂದರೆ ಕರಡಚ್ಚು, ಅದು 1.3.0ಕ್ಕಿಂತ ಹಿಂದಿನದು. ಡೆಬಿಯನ್ನಿನಲ್ಲಿ ಕರಡಚ್ಚನ್ನು ಸೂಚಿಸಲು ~ ಎಂಬ ಅಲೆಗೆರೆಯಿದೆ. ಅದು ಬಂದ ಸಂಖ್ಯೆಯು, ಅಲ್ಲಿಗೇ ಮುಗಿದ ಸಂಖ್ಯೆಗಿಂತಲೂ ಹಿಂದೆ ನಿಲ್ಲುತ್ತದೆ. ಎನ್‌ಪಿಎಂ ಎಂಬ ಇನ್ನೊಂದು ವ್ಯವಸ್ಥೆಯಲ್ಲಿಯಾದರೋ ಅದೇ ಅಲೆಗೆರೆಯನ್ನು ಸಂಖ್ಯೆಯ ಮೊದಲಿಗೆ ಇಟ್ಟರೆ ‘ಇದಕ್ಕೆ ಸಮೀಪದ ಆವೃತ್ತಿಗಳು’ ಎಂಬ ಅರ್ಥ ಬರುತ್ತದೆ. ಒಂದು ವ್ಯವಸ್ಥೆಯ ಸಂಖ್ಯೆಯನ್ನು ಹಾಗೆಯೇ ಎತ್ತಿ ಮತ್ತೊಂದಕ್ಕೆ ಒಪ್ಪಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಂಕಿ ಸರಿಯಾಗಿದ್ದರೂ ವ್ಯಾಕರಣ ಬೇರೆಯಾಗಿರುತ್ತದೆ. ಸಂಖ್ಯೆಯನ್ನು ಹೋಲಿಸುವ ಮೊದಲು ಅದು ಯಾವ ವ್ಯಾಕರಣದ್ದೆಂಬುದನ್ನು ನಿರ್ಣಯಿಸಿ, ಆಯಾ ನಿಯಮದಂತೆ ಬಿಡಿಸಿಕೊಂಡು, ಬಳಿಕವೇ ತಾರತಮ್ಯವನ್ನು ನೋಡಬೇಕು.

ಆಧಾರಪ್ಯಾಕೇಜಿನ 2:1.3 ಎಂಬಲ್ಲಿರುವ ಎರಡು ಚುಕ್ಕೆಗಳ ಹಿಂದಿನ ಅಂಕಿಯು ಎಲ್ಲಕ್ಕಿಂತಲೂ ಸ್ವಾರಸ್ಯವಾದುದು. ಇದನ್ನು ಶಕ ಎಂದು ಕರೆದರೆ ತಪ್ಪಾಗಲಾರದು. ಶಾಸನಗಳ ಕಾಲವನ್ನು ನಿರ್ಣಯಿಸುವಾಗ ಶಾಲಿವಾಹನ ಶಕದ 1000 ಮತ್ತು ಕ್ರಿಸ್ತಶಕದ 1050 ಇವೆರಡನ್ನು ಬರಿಯ ಅಂಕಿಗಳಾಗಿ ಹೋಲಿಸಿದರೆ ಮೊದಲನೆಯದು ಹಿಂದಿನದೆಂದು ತೋರುವುದು. ಶಕವನ್ನು ಗಮನಿಸಿದರೆ ಅದು ಕ್ರಿ.ಶ. 1078ರ ಸುಮಾರಿನದಾಗಿ ಈಚಿನದೇ ಆಗುವುದು. ಹಾಗೆಯೇ ಒಂದು ಪ್ಯಾಕೇಜಿನ ಎಣಿಕೆಯ ಪದ್ಧತಿಯನ್ನೇ ಬದಲಿಸಬೇಕಾಗಿ ಬಂದಾಗ, ಅಥವಾ ಅಚಾತುರ್ಯದಿಂದ ತೀರ ದೊಡ್ಡ ಸಂಖ್ಯೆಯನ್ನು ಕೊಟ್ಟುಬಿಟ್ಟಾಗ, ಹೊಸ ಶಕವನ್ನು ಆರಂಭಿಸುತ್ತಾರೆ. ಯಂತ್ರವು ಮೊದಲು ಶಕವನ್ನೇ ನೋಡುತ್ತದೆ, 2:1.3 ಎಂಬುದು 1:9.9ಕ್ಕಿಂತಲೂ ಹೊಸದು. ಶಕವನ್ನು ಬರೆಯದಿದ್ದರೆ ಅದನ್ನು ಸೊನ್ನೆಯೆಂದು ಎಣಿಸುತ್ತಾರೆ. ಈ ಉಪಾಯಕ್ಕೆ ತೆರಬೇಕಾದ ಬೆಲೆಯೂ ಉಂಟು: ಒಮ್ಮೆ ತೊಡಗಿದ ಶಕವನ್ನು ಆ ಹೆಸರಿನ ಪ್ಯಾಕೇಜು ಎಂದಿಗೂ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಆವೃತ್ತಿಗಳೆಲ್ಲ ಹಿಂದಿನವಕ್ಕಿಂತ ಹಳೆಯವಾಗಿ ಕಾಣುತ್ತವೆ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಮಾಲೆಗೆ ಇಂಥದೊಂದು ಶಕಸಂಖ್ಯೆಯನ್ನು ಮೊದಲಿನಿಂದಲೇ ಜೋಡಿಸಿದ್ದರೆ ಅಡಿಟಿಪ್ಪಣಿಗಳಲ್ಲಿ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಶಕವಿಲ್ಲದ ಎಣಿಕೆಯೂ ಇಲ್ಲದಿಲ್ಲ. ಪ್ರಭವಾದಿ ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಸಂವತ್ಸರದ ಹೆಸರೊಂದರಿಂದಲೇ ಶಾಸನದ ಕಾಲವನ್ನು ಹೇಳಲಾಗದೆಂಬುದು ಸುಪ್ರಸಿದ್ಧ. ಉಬುಂಟು ಆವೃತ್ತಿಗಳಿಗೆ ರೋಮನ್ ಅಕ್ಷರಮಾಲೆಯ ಕ್ರಮದಲ್ಲಿ ಪ್ರಾಣಿಗಳ ಹೆಸರನ್ನು ಇಡುವ ವಾಡಿಕೆಯಿದೆ. 2017ರ ಏಪ್ರಿಲಿನಲ್ಲಿ ಕೊನೆಯ ಅಕ್ಷರದ ಸರದಿ ಮುಗಿದು, ಅಕ್ಟೋಬರಿನಲ್ಲಿ ಮತ್ತೆ ಮೊದಲನೆಯ ಅಕ್ಷರಕ್ಕೇ ಬರಬೇಕಾಯಿತು. ಹೆಸರಿನ ಮೊದಲಕ್ಷರದಿಂದ ಹಳತು ಹೊಸತನ್ನು ತಿಳಿಯುತ್ತಿದ್ದವರಿಗೆ ಅಲ್ಲಿಗೆ ಆ ದಾರಿ ಮುಚ್ಚಿತು. 20.04 ಎಂಬ ಅಂಕಿಯಾದರೋ 2020ನೆಯ ಇಸವಿಯ ನಾಲ್ಕನೆಯ ತಿಂಗಳನ್ನು ನೇರವಾಗಿ ಹೇಳುತ್ತದೆ. ಆದರೆ ಒಳಗಣ ಬದಲಾವಣೆ ಹಿರಿದೋ ಕಿರಿದೋ ಎಂಬುದನ್ನು ಹೇಳುವುದಿಲ್ಲ.

ಅದನ್ನು ಹೇಳುವುದಕ್ಕಾಗಿಯೇ ಮೇಲೆ ಹೇಳಿದ ಅರ್ಥಾನುಸಾರಿ ಕ್ರಮ ಹುಟ್ಟಿತು. ಅದರ ಮೂರು ಭಾಗಗಳಲ್ಲಿ ಬಲತುದಿಯದು ದೋಷಪರಿಹಾರವನ್ನೂ, ನಡುವಿನದು ಹಳೆಯದಕ್ಕೆ ಬಾಧಕವಾಗದ ಹೊಸ ಸೇರ್ಪಡೆಯನ್ನೂ, ಎಡತುದಿಯದು ಹಳೆಯ ಬಳಕೆಯನ್ನು ಮುರಿಯುವ ಬದಲಾವಣೆಯನ್ನೂ ಸೂಚಿಸುತ್ತವೆ. ಇದನ್ನು ನಂಬಿಯೇ ಅವಲಂಬನೆಯ ಮೇರೆಗಳನ್ನು ಬರೆಯುತ್ತಾರೆ. ಎನ್‌ಪಿಎಂ ವ್ಯವಸ್ಥೆಯಲ್ಲಿ ^1.2.3 ಎಂದರೆ 1.2.3ರಿಂದ ಮೊದಲಾಗಿ 2.0.0 ಬರುವತನಕ ಯಾವುದಾದರೂ ಆಗಬಹುದೆಂದೂ, ~1.2.3 ಎಂದರೆ 1.3.0ರ ಒಳಗಿನದೇ ಆಗಬೇಕೆಂದೂ ಅರ್ಥ. ಎಡತುದಿಯಲ್ಲಿ ಸೊನ್ನೆಯಿದ್ದರೆ ಆ ತಂತ್ರಾಂಶವು ಇನ್ನೂ ನೆಲೆಗೊಂಡಿಲ್ಲವೆಂದೂ ಏನು ಬೇಕಾದರೂ ಬದಲಾಗಬಹುದೆಂದೂ ತಿಳಿಯಬೇಕು. ಆದರೂ ಈ ಸಂಖ್ಯೆಯು ರಚನಕಾರನ ಪ್ರತಿಜ್ಞೆಯೇ ಹೊರತು ಪ್ರಮಾಣವಲ್ಲ. ದೋಷಪರಿಹಾರವೆಂದು ಅವನು ಎಣಿಸಿದ್ದು ಬಳಸುವವನ ಪಾಲಿಗೆ ಭಂಗವಾಗಿ ಪರಿಣಮಿಸುವುದುಂಟು.

ಹಳೆಯದಕ್ಕೆ ಹೊಂದದ ಬದಲಾವಣೆಯನ್ನು ಸಂಖ್ಯೆಯಿಂದಲ್ಲದೆ ಹೆಸರಿನಿಂದಲೇ ಸೂಚಿಸುವ ದಾರಿಯೂ ಇದೆ. ಇದಕ್ಕೆ ನಿದರ್ಶನವು ಕನ್ನಡದಲ್ಲಿಯೇ ದೊರೆಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಕೊಟ್ಟ ಕನ್ನಡ ಫಾಂಟಿಗೆ ಶಿವಮೊಗ್ಗದ ಹೊಳೆಯ ಹೆಸರೇ, ತುಂಗಾ. ಆ ಕಾಲದ ಫಾಂಟುಗಳು ಕನ್ನಡದ ನಿಯಮಗಳನ್ನು ‘ಕೆಎನ್‌ಡಿಎ’ ಎಂಬ ಗುರುತಿನ ಕೆಳಗೆ ಇರಿಸುತ್ತಿದ್ದುವು. ಒತ್ತಕ್ಷರವನ್ನು ರೂಪಿಸುವಾಗ ವ್ಯಂಜನ ಮೊದಲೋ ಹಲಂತಚಿಹ್ನೆ ಮೊದಲೋ ಎಂಬ ಕ್ರಮವು ಮುಂದೆ ಬದಲಾಯಿತು. ಹಳೆಯ ಗುರುತಿನ ಕೆಳಗೆ ಹೊಸ ಕ್ರಮವನ್ನು ತಂದಿದ್ದರೆ ಅದುವರೆಗಿನ ಫಾಂಟುಗಳಲ್ಲಿ ಒತ್ತಕ್ಷರಗಳೆಲ್ಲ ಕೆಡುತ್ತಿದ್ದುವು. ಆದುದರಿಂದ ಹೊಸ ಕ್ರಮಕ್ಕೆ ‘ಕೆಎನ್‌ಡಿ2’ ಎಂಬ ಬೇರೆ ಗುರುತನ್ನೇ ಕೊಟ್ಟರು. ಅಕ್ಷರಗಳನ್ನು ಜೋಡಿಸುವ ಯಂತ್ರಾಂಗವು ಹೊಸ ಗುರುತಿದ್ದರೆ ಅದನ್ನೂ, ಇಲ್ಲವಾದರೆ ಹಳೆಯದನ್ನೂ ಬಳಸುತ್ತದೆ. ಇದು ಬಹಳ ವಿವೇಕದ ಮಾರ್ಗವೆನ್ನಬೇಕು.

ಬರಿಯ ಹೆಸರು ಬದಲಾಗಿ ವಸ್ತು ಅದೇ ಆಗಿರುವ ಸಂದರ್ಭ ಬೇರೆ. ಭದ್ರಾವತಿಗೆ ಮೊದಲು ಬೆಂಕೀಪುರವೆಂಬ ಹೆಸರಿತ್ತು. ಶಿವಮೊಗ್ಗದ ಇಂಗ್ಲಿಷ್ ಕಾಗುಣಿತವು 2014ರ ನವೆಂಬರ್ 1ರಂದು ಬದಲಾಯಿತಾದರೂ ರೈಲ್ವೆಯವರ ‘ಎಸ್‌ಎಂಇಟಿ’ ಎಂಬ ನಿಲ್ದಾಣಸಂಕೇತವು ಹಾಗೆಯೇ ಉಳಿಯಿತು. ಟಿಕೆಟು, ವೇಳಾಪಟ್ಟಿ ಎಲ್ಲವೂ ಅದನ್ನೇ ಅವಲಂಬಿಸಿರುವುದು. ಡೆಬಿಯನ್ನಿನ ಕನ್ನಡ ಪ್ಯಾಕೇಜಿಗೂ ಹಿಂದೆ ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂಬ ಹೆಸರಿತ್ತು. ಇಂಥ ಸಂದರ್ಭಗಳಲ್ಲಿ ಹಳೆಯ ಹೆಸರಿನ ಒಂದು ಬರಿದಾದ ಪ್ಯಾಕೇಜನ್ನು ಉಳಿಸಿ, ಅದು ಹೊಸ ಹೆಸರನ್ನು ಅವಲಂಬಿಸುವಂತೆ ಮಾಡುವುದು ರೂಢಿ. ಹಳೆಯ ವಿಳಾಸಕ್ಕೆ ಬಂದವನನ್ನು ಹೊಸ ಮನೆಗೆ ಕಳುಹಿಸುವ ಫಲಕದಂತೆ ಅದು ಕೆಲಸಮಾಡುತ್ತದೆ.

ಅವಲಂಬನೆಯ ಅತ್ಯಂತ ಕಠಿಣವಾದ ಸಮಸ್ಯೆಯು ಕೂಡಲಿಯ ಸಮಸ್ಯೆ. ತುಂಗೆಯೂ ಭದ್ರೆಯೂ ಬೇರೆ ಬೇರೆ ಊರುಗಳನ್ನು ಹಾದು ಕೂಡಲಿಯಲ್ಲಿ ಒಂದೇ ಪಾತ್ರಕ್ಕೆ ಇಳಿಯುವಂತೆ, ಎರಡು ತಂತ್ರಾಂಶಗಳು ಒಂದೇ ಮೂರನೆಯದನ್ನು ಅವಲಂಬಿಸುವುದು ಸಾಮಾನ್ಯ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಇವು ಮೂರೂ ಕನ್ನಡಾಕ್ಷರಗಳ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಯಂತ್ರಾಂಗವನ್ನು ಬಳಸುತ್ತವೆ. ಇಂಥ ಸ್ಥಿತಿಯಲ್ಲಿ ಒಂದು ತಂತ್ರಾಂಶವು ಯಂತ್ರಾಂಗದ ಎರಡನೆಯ ಆವೃತ್ತಿಗಿಂತ ಹಿಂದಿನದೇ ಬೇಕೆಂದೂ ಮತ್ತೊಂದು ಮುಂದಿನದೇ ಬೇಕೆಂದೂ ಹಟಹಿಡಿದರೆ, ಒಂದು ಹೆಸರಿಗೆ ಒಂದೇ ಪ್ರತಿಯೆಂಬ ನಿಯಮವಿರುವಲ್ಲಿ ಎರಡನ್ನೂ ಒಟ್ಟಿಗೆ ಸ್ಥಾಪಿಸಲಾಗದು. ಎರಡು ಪ್ರತಿಗಳನ್ನು ಬೇರೆ ಹೆಸರುಗಳಿಂದ ಇರಿಸಿಕೊಳ್ಳುವುದು ಒಂದು ಪರಿಹಾರ. ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಪ್ರತಿಯನ್ನು ಕಟ್ಟಿಕೊಡುವುದು ಮತ್ತೊಂದು. ಮೇರೆಯನ್ನು ಬೇಕಾದುದಕ್ಕಿಂತ ಬಿಗಿಯಾಗಿ ಬರೆಯದಿರುವುದು ಇವೆರಡಕ್ಕಿಂತಲೂ ಮೇಲು.

ಘೋಷಿಸದ ಅವಲಂಬನೆಯು ಇದಕ್ಕಿಂತಲೂ ಕಷ್ಟತರವಾದುದು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಕಡತಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡಾಕ್ಷರಗಳ ತುಣುಕುಗಳನ್ನು ಕೂರಿಸಿರುತ್ತಿದ್ದರು. ಅದಕ್ಕೆ ತಕ್ಕ ಫಾಂಟಿಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಬರಿಯ ಪಾಠವಾಗಿ ನಕಲುಮಾಡಿದ ಕಡತದಲ್ಲಿ ಯಾವ ಫಾಂಟು, ಯಾವ ಆವೃತ್ತಿ ಎಂಬುದರ ಗುರುತೇ ಇರುವುದಿಲ್ಲ. ಆ ಬಗೆಯ ಕಡತಗಳನ್ನು ಈಗ ಯೂನಿಕೋಡಿಗೆ ಪರಿವರ್ತಿಸುವವರು, ಕಾಲ ನಮೂದಿಸದ ಶಾಸನಕ್ಕೆ ಲಿಪಿಯ ಲಕ್ಷಣದಿಂದ ಕಾಲವನ್ನು ಊಹಿಸುವಂತೆ, ಅಕ್ಷರಗಳ ಸ್ಥಾನದಿಂದ ಫಾಂಟನ್ನು ಊಹಿಸಬೇಕಾಗಿದೆ.

ಇದನ್ನು ತಪ್ಪಿಸಲು ತಂತ್ರಾಂಶರಚನಕಾರರು ಬೀಗಕಡತವೆಂಬುದನ್ನು ಇಟ್ಟುಕೊಳ್ಳುತ್ತಾರೆ. ‘1.2ರ ಮುಂದಿನದು ಯಾವುದಾದರೂ’ ಎಂಬ ಮೇರೆಯು ಒಂದೆಡೆ ಇದ್ದರೆ, ಕೆಲಸಮಾಡಿದ ದಿನದಂದು ವಸ್ತುತಃ ಬಳಸಿದ್ದು 1.2.7 ಎಂಬ ನಿಷ್ಕೃಷ್ಟವಾದ ದಾಖಲೆಯು ಬೀಗಕಡತದಲ್ಲಿರುತ್ತದೆ. ಗ್ರಂಥಸಂಪಾದಕನು ತಾನು ನೋಡಿದ ಓಲೆಗರಿಯ ಪ್ರತಿ ಇಂಥದೇ ಎಂದು ನಮೂದಿಸುವುದು ಇದಕ್ಕೆ ಸಮಾನ. ಶಾಸನಪಾಠವನ್ನೋ ಹಳಗನ್ನಡ ಕಾವ್ಯವನ್ನೋ ಗಣಕದಲ್ಲಿ ಸಿದ್ಧಪಡಿಸುವವರು ಪೀಠಿಕೆಯಲ್ಲಿ ಯೂನಿಕೋಡಿನ ಆವೃತ್ತಿ, ಫಾಂಟಿನ ಹೆಸರು, ಅದರ ಪೂರ್ಣಸಂಖ್ಯೆ ಈ ಮೂರನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಸಾಕು.

ಬೀಗಕಡತಕ್ಕೆ ಬೆಲೆ ಬರಬೇಕಾದರೆ ಒಮ್ಮೆ ಪ್ರಕಟಿಸಿದ ಆವೃತ್ತಿಯನ್ನು ಅದೇ ಸಂಖ್ಯೆಯ ಕೆಳಗೆ ಬದಲಿಸಕೂಡದು. ಅರ್ಥಾನುಸಾರಿ ಕ್ರಮವು ಇದನ್ನು ಸ್ಪಷ್ಟವಾಗಿ ವಿಧಿಸುತ್ತದೆ. ತಪ್ಪಿದ್ದರೆ ಹೊಸ ಸಂಖ್ಯೆಯೊಡನೆ ತಿದ್ದಬೇಕು. ಯೂನಿಕೋಡಿನವರು ಅಕ್ಷರಗಳ ಹೆಸರಿನ ವಿಷಯದಲ್ಲಿ ಇನ್ನೂ ಕಠಿಣರು. ಹಳಗನ್ನಡದ ೞಕಾರಕ್ಕೆ ಆರಂಭದಲ್ಲಿ ಯಾರೋ ‘ಕನ್ನಡ ಅಕ್ಷರ ಫ’ ಎಂದು ತಪ್ಪು ಹೆಸರನ್ನು ದಾಖಲಿಸಿದರು. ಪ್ರಕಟವಾದ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ನಿಯಮವಿರುವುದರಿಂದ ಆ ಹೆಸರು ಪಟ್ಟಿಯಲ್ಲಿ ಹಾಗೆಯೇ ಇದೆ; ಅದರ ಪಕ್ಕದಲ್ಲಿ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಪರ್ಯಾಯನಾಮವನ್ನು ಸೇರಿಸಿದ್ದಾರೆ.